ನೇಸಿನಲ್ಲಿ ನಾನು ಕಂಡ ಬಾಯ್ಲರು

ವಿದೇಶಕ್ಕೆ ಹೋಗಿ ಬಂದವರೆಲ್ಲ ಕೋಟೆ ನೋಡಿದೆ, ಕಡಲಂಚಿನ ಬಂಡೆ ನೋಡಿದೆ, ಹಸಿರು ಬಯಲಿನಲ್ಲಿ ಕುರಿ ಮೇಯುವುದನ್ನು ನೋಡಿದೆ ಎಂದು ಬರೆಯುತ್ತಾರೆ. ನಾನು ಐರ್ಲೆಂಡಿನಲ್ಲಿ ಆರು ತಿಂಗಳು ಇದ್ದೆ. ನೋಡಿದ್ದು ಒಂದು ಬಾಯ್ಲರು. ಕುರಿಗಳನ್ನೂ ನೋಡಿದೆ ಅನ್ನಿ, ವಿಮಾನ ನಿಲ್ದಾಣದಿಂದ ನೇಸ್ ಊರಿಗೆ ಬರುವಾಗ ಕಾರಿನ ಕಿಟಕಿಯಿಂದ. ಮಳೆಯಲ್ಲಿ ನೆನೆಯುತ್ತಾ ನಿಂತಿದ್ದವು. ನಮ್ಮ ಕಡೆಯ ಕುರಿಗಳಿಗಾದರೆ ಮರದ ಕೆಳಗೆ ಹೋಗುವಷ್ಟು ತಿಳಿವಳಿಕೆ ಇದೆ.

ಮಗಳು ವೀಣಾ ಅಲ್ಲಿಯೇ ಮಾಸ್ಟರ್ಸ್ ಓದಿ ಅಲ್ಲಿಯೇ ಕೆಲಸ ಹಿಡಿದವಳು. ಅಳಿಯ ಪ್ರಶಾಂತ ಮೈಸೂರಿನವನು, ಕಂಪ್ಯೂಟರ್ ಕೆಲಸ. ಮೊದಲ ಹೆರಿಗೆ, ಬಾಣಂತನ ಮಾಡಲು ಅಮ್ಮ ಬರಬೇಕು ಎಂದರು. ಮನೆಯವರು ನನಗೆ ವಿಮಾನವೂ ಬೇಡ ಆ ಚಳಿಯೂ ಬೇಡ ಎಂದು ನಂಜನಗೂಡಿನಲ್ಲೇ ಕಾಲು ಚಾಚಿ ಕೂತರು. ನಾನು ಶಿವರಾತ್ರಿ ಮುಗಿಸಿಕೊಂಡು ಒಬ್ಬಳೇ ಹೊರಟೆ. ಪೆಟ್ಟಿಗೆಯಲ್ಲಿ ಬಾಣಂತಿ ಲೇಹ್ಯ, ಓಮ, ಬಜೆ, ಹರಳೆಣ್ಣೆ, ನನ್ನ ಎರಡು ಮಡಿ ಸೀರೆ. ಅಲ್ಲಿಯ ಕಸ್ಟಮ್ಸಿನವನು ಬಜೆಯ ಬೇರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದ. ತೇಯ್ದು ಮಗುವಿನ ನಾಲಿಗೆಗೆ ಹಚ್ಚುವುದು ಎಂದೆ. ನನ್ನನ್ನೂ ಬೇರನ್ನೂ ಒಂದೇ ಥರ ನೋಡಿ ಒಳಗೆ ಬಿಟ್ಟ.

ನಾನು ಹೋಗಿ ಕೆಲವೇ ವಾರಕ್ಕೆ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಮನೆಯಿಂದ ಎರಡು ಕಿಲೋಮೀಟರ್ ಮಾತ್ರ ನಡೆಯಬಹುದು ಎಂದರು. ಡನ್ ಲಿಯರಿಯ ಕಡಲಕಟ್ಟೆಯ ಮೇಲೆ ನಡೆಸಿಕೊಂಡು ಬರುತ್ತೇನೆ ಎಂದು ವೀಣಾ ಆಸೆ ಹುಟ್ಟಿಸಿದ್ದಳು, ಅದನ್ನು ಅವಳ ಫೋನಿನಲ್ಲೇ ನೋಡಿದ್ದಾಯಿತು. ಅಷ್ಟರಲ್ಲಿ ಮೂರು ವಾರ ಮೊದಲೇ ಅವಳಿಗೆ ಹೆರಿಗೆ ಆಯಿತು. ಹೆಣ್ಣು ಮಗು. ಎರಡೂಕಾಲು ಕಿಲೋ ಕೂಡ ಇರಲಿಲ್ಲ, ಎತ್ತಿಕೊಂಡರೆ ಕೈಗೆ ಬಟ್ಟೆಯ ತೂಕವೇ ಹೆಚ್ಚು ಅನ್ನಿಸುತ್ತಿತ್ತು. ಮಗುವಿಗೆ ಹತ್ತು ದಿನ ಆದಾಗ ಅಳಿಯನಿಗೆ ಕೆಮ್ಮು, ಪರೀಕ್ಷೆ ಮಾಡಿಸಿದರೆ ಕೊರೊನಾ. ಅವನನ್ನು ಮಹಡಿಯ ಸಣ್ಣ ಕೋಣೆಗೆ ಸೇರಿಸಿ ಬಾಗಿಲು ಎಳೆದುಕೊಂಡೆವು. ಎರಡು ವಾರ ನೀವು ಹೊಸ್ತಿಲು ದಾಟುವಂತಿಲ್ಲ, ಯಾರೂ ನಿಮ್ಮಲ್ಲಿಗೆ ಬರುವಂತಿಲ್ಲ ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಹಾಗಾಗಿ ನನ್ನ ಪ್ರವಾಸದ ಸ್ಥಳಗಳೆಲ್ಲ ಆ ಒಂದು ಮನೆಯ ಒಳಗೇ ಇವೆ. ದೊಡ್ಡದೇನನ್ನೂ ನಿರೀಕ್ಷಿಸಬೇಡಿ.

ಅಡುಗೆಮನೆ

ಅಲ್ಲಿಯ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಇರಬೇಕಾದ ಕಪಾಟು ತೆಗೆದರೆ ಒಂದು ಬಿಳಿಯ ಪೆಟ್ಟಿಗೆ ನೇತಾಡುತ್ತಿರುತ್ತದೆ. ಅದೇ ಬಾಯ್ಲರು. ನಲ್ಲಿಗೆ ಬಿಸಿನೀರು ಕೊಡುವುದೂ ಅದೇ. ಕೋಣೆ ಕೋಣೆಯ ಗೋಡೆಗೆ ಹೊಡೆದಿರುವ ರೇಡಿಯೇಟರುಗಳ ಹೊಟ್ಟೆಯಲ್ಲಿ ಬಿಸಿನೀರು ಸುತ್ತಿಸಿ ಮನೆಯನ್ನು ಬೆಚ್ಚಗಿಡುವುದೂ ಅದೇ. ಅದು ಮುನಿಸಿಕೊಂಡರೆ ಸ್ನಾನವೂ ಇಲ್ಲ, ಬೆಚ್ಚಗಿನ ಕೋಣೆಯೂ ಇಲ್ಲ. ನಮ್ಮಲ್ಲಿ ಗೀಸರ್ ಕೆಟ್ಟರೆ ಸೋಲಾರು, ಮೋಡವಾದರೆ ಗ್ಯಾಸು, ಗ್ಯಾಸು ಮುಗಿದರೆ ಬಚ್ಚಲ ಒಲೆ. ಇವರು ಜಗತ್ತಿಗೆಲ್ಲ ಕಂಪ್ಯೂಟರು, ಔಷಧಿ ಮಾಡಿ ಕಳಿಸುತ್ತಾರಂತೆ. ಬಾಣಂತಿಯ ತಲೆಗೆ ಒಂದು ಹಂಡೆ ನೀರು ಕಾಯಿಸುವ ಎರಡನೇ ದಾರಿ ಮಾತ್ರ ಇವರಿಗೆ ಹೊಳೆದಿಲ್ಲ.

ಒಂದು ಶುಕ್ರವಾರ ವೀಣಾಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ತಲೆಯ ತುಂಬ ಸೀಗೆಪುಡಿ. ನಲ್ಲಿಯ ನೀರು ಬಿಸಿಯಿಂದ ಬೆಚ್ಚಗಾಯಿತು, ಬೆಚ್ಚಗಿದ್ದದ್ದು ಮಂಜಾಯಿತು. ಹೊಲಿಗೆ ಹಾಕಿಸಿಕೊಂಡ ಹುಡುಗಿ ಹಲ್ಲು ಕಟಕಟ ಅನ್ನಿಸುತ್ತಾ ಕೂತಳು. ನಾನು ಕೆಟಲಿನಲ್ಲಿ ನೀರು ಕಾಯಿಸಿ ತಂಬಿಗೆ ತಂಬಿಗೆ ಹೊತ್ತು ತಂದು ಹೇಗೋ ಮುಗಿಸಿದೆ.

ಮಹಡಿಯ ಕೋಣೆಯಿಂದ ಅಳಿಯ ವಿಡಿಯೋ ಕಾಲ್ ಮಾಡಿದ. ಒಂದೇ ಮನೆ, ನಡುವೆ ಹದಿಮೂರು ಮೆಟ್ಟಿಲು, ಮಾತು ಫೋನಿನಲ್ಲಿ.

"ಅತ್ತೆ, ಬಾಯ್ಲರ್‌ದು ಪ್ರೆಶರ್ ಬಿದ್ದೋಗಿರುತ್ತೆ. ಕೆಳಗಡೆ ಗಡಿಯಾರದ ಥರ ಒಂದು ಗೇಜ್ ಇದ್ಯಲ್ಲ, ಮುಳ್ಳು ಎಲ್ಲಿದೆ?"

"ಸೊನ್ನೆ ಪಕ್ಕದಲ್ಲಿ ಮಲಗಿದೆ."

"ಒಂದೂವರೆಗೆ ಇರಬೇಕು. ಪಕ್ಕದಲ್ಲಿ ಬೆಳ್ಳಿ ಬಣ್ಣದ ಹೆಣೆದಿರೋ ಪೈಪ್ ನೋಡಿ. ಅದರ ಎರಡು ತುದೀಲೂ ವಾಲ್ವ್ ಇದೆ. ಎರಡನ್ನೂ ನಿಧಾನಕ್ಕೆ ತಿರುಗಿಸಿದ್ರೆ ನೀರು ತುಂಬುತ್ತೆ. ಒಂದೂವರೆ ಆದ ತಕ್ಷಣ ಮುಚ್ಚಿಬಿಡಿ. ಮರೀಬೇಡಿ ಮತ್ತೆ."

"ಹಾಲಿಟ್ಟು ಮರೆಯೋರು ನೀವು, ನಾನಲ್ಲ," ಎಂದೆ.

ತಿರುಗಿಸಿದೆ. ಸುಯ್ಯೆಂದು ಸದ್ದಾಗಿ ಮುಳ್ಳು ಎದ್ದಿತು. ಮುಚ್ಚಿದೆ. ಬಾಯ್ಲರು ಗುರ್ ಎಂದು ಹತ್ತಿಕೊಂಡಿತು. ಇಷ್ಟಕ್ಕೆ ಇಷ್ಟೊಂದು ಆರ್ಭಟವೇ ಅಂದುಕೊಂಡೆ. ಮರುದಿನ ಬೆಳಿಗ್ಗೆ ಮುಳ್ಳು ಮತ್ತೆ ಸೊನ್ನೆಯಲ್ಲಿ. ತುಂಬಿದೆ. ಸಂಜೆಗೆ ಮತ್ತೆ ಸೊನ್ನೆ.

ಮನೆಯ ಮಾಲೀಕ ನೋಯೆಲ್ ಎಂಬ ಪ್ಲಂಬರನ ನಂಬರು ಕೊಟ್ಟ. ನೋಯೆಲನ ಹೆಂಡತಿಗೆ ಆಸ್ತಮಾ, ಕೊರೊನಾ ಇರುವ ಮನೆಯೊಳಗೆ ಕಾಲಿಡುವುದಿಲ್ಲ, ಫೋನಿನಲ್ಲೇ ಹೇಳಿಕೊಡುತ್ತೇನೆ ಎಂದ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಅವನ ಇಂಗ್ಲಿಷು ಬಾಯಿಯಲ್ಲಿ ಅರ್ಧ ಕರಗಿ ಹೊರಗೆ ಬರುತ್ತಿತ್ತು. ಎರಡು ಮಾತಿಗೊಮ್ಮೆ "ಗ್ರ್ಯಾಂಡ್", ಎಲ್ಲ ಸರಿಯಿದೆ ಎನ್ನುವುದಕ್ಕೆ ಅಲ್ಲಿಯವರ ಮಾತು. ಬಾಯ್ಲರು ಕೆಟ್ಟಿದೆ ಎಂದರೆ ಗ್ರ್ಯಾಂಡ್, ನೀರಿಲ್ಲ ಎಂದರೆ ಗ್ರ್ಯಾಂಡ್, ಅಳಿಯನಿಗೆ ಕೊರೊನಾ ಎಂದರೆ "ದೇವರೇ" ಎಂದು ಒಂದು ಕ್ಷಣ ನಿಲ್ಲಿಸಿ, "ನೀವು ಗ್ರ್ಯಾಂಡ್ ಆಗಿರ್ತೀರ ಬಿಡಿ." ಫೋನು ಇಡುವಾಗ ಬೈ ಬೈ ಬೈ ಬೈ ಬೈ ಎಂದು ದೂರ ಹೋಗುತ್ತಾ ಐದಾರು ಸಲ. ಒಂದು ಸಲ ಹೇಳಿದರೆ ಇವರಿಗೆ ನಂಬಿಕೆ ಬರುವುದಿಲ್ಲವೋ ಏನೋ.

ಅವನು ಹೇಳಿದ್ದರಲ್ಲಿ ಹುರುಳಿದ್ದ ಮಾತು ಒಂದೇ. ಇದು ಮುಚ್ಚಿದ ಸುತ್ತು, ಒಳಗಿನ ನೀರು ಒಳಗೇ ತಿರುಗಬೇಕು, ಒತ್ತಡ ಬೀಳುತ್ತಿದೆ ಎಂದರೆ ನೀರು ಎಲ್ಲೋ ಹೊರಗೆ ಹೋಗುತ್ತಿದೆ. ಅದನ್ನು ನನಗೆ ಹೇಳುವುದೇ! ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಒತ್ತಡದ ಪಾಠ ನಿದ್ದೆಗಣ್ಣಲ್ಲೂ ಮಾಡಬಲ್ಲೆ.

ಮಹಡಿ

ಶನಿವಾರ ನರ್ಸು ಫೋನು ಮಾಡಿದಳು. ಮೊದಲೆಲ್ಲ ಮನೆಗೆ ಬಂದು ಮಗುವನ್ನು ತೂಗುತ್ತಿದ್ದವಳು, ಈಗ ಅವಳೂ ಫೋನಿನಲ್ಲೇ. ಮನೆ ತಣ್ಣಗಿದೆ ಎಂದು ವೀಣಾ ಹೇಳಿದಳು. ನರ್ಸಿನ ದನಿ ಗಟ್ಟಿಯಾಯಿತು. ಮಗು ಚಿಕ್ಕದು, ಕೋಣೆ ಹದಿನೆಂಟು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಹೀಗೇ ಆದರೆ ಮಗುವನ್ನು ಆಸ್ಪತ್ರೆಗೆ ವಾಪಸ್ ಸೇರಿಸಬೇಕಾಗುತ್ತದೆ ಎಂದಳು. ತಾಯಿ ಜೊತೆಗೆ ಇರಬಹುದಾ ಎಂದು ವೀಣಾ ಕೇಳಿದಳು. ನಿಮ್ಮ ಮನೆಯಲ್ಲಿ ಕೊರೊನಾ ಇದೆಯಲ್ಲ, ಅದನ್ನು ಆಗ ನೋಡಿ ಹೇಳುತ್ತೇವೆ ಎಂಬ ಉತ್ತರ ಬಂತು. ವೀಣಾ ಫೋನು ಇಟ್ಟು ಮಗುವನ್ನು ರವಿಕೆಯ ಒಳಗೆ, ಮೈಗೆ ಮೈ ತಾಗಿಸಿ ಇಟ್ಟುಕೊಂಡಳು. ಹೀಟರು ಕೊಳ್ಳೋಣವೆಂದರೆ ಅಂಗಡಿ ಮುಚ್ಚಿವೆ, ಆನ್‌ಲೈನಿನಲ್ಲಿ ತರಿಸಿದರೆ ಬರುವುದು ಮುಂದಿನ ವಾರವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ದೇಶಕ್ಕೆ ಇವಳು ಓದಲು ಬರುವುದಾದರೂ ಏತಕ್ಕೆ?

ನೋಯೆಲ್ ಒಂದು ಉಪಾಯ ಹೇಳಿದ. ಪ್ರತಿ ರೇಡಿಯೇಟರಿನ ಬುಡದಲ್ಲಿ ಎರಡು ಕಡೆ ಪೈಪು ಸೇರುವ ಜಾಗಕ್ಕೆ ಟಿಶ್ಯೂ ಪೇಪರ್ ಸುತ್ತಿ ಬಿಡಿ, ಒಂದು ಗಂಟೆ ಬಿಟ್ಟು ನೋಡಿ, ಯಾವುದು ಒದ್ದೆಯಾಗಿದೆಯೋ ಅಲ್ಲಿ ಸೋರುತ್ತಿದೆ. ಜನ ಆ ತಿಂಗಳಲ್ಲಿ ಟಿಶ್ಯೂ ಪೇಪರಿಗಾಗಿ ಅಂಗಡಿಗಳಲ್ಲಿ ಕಿತ್ತಾಡುತ್ತಿದ್ದರು. ನಾನು ಅದನ್ನು ಕಬ್ಬಿಣಕ್ಕೆ ಪಟ್ಟಿ ಕಟ್ಟಲು ಬಳಸಿದೆ.

ಹಜಾರ, ಅಡುಗೆಮನೆ, ಮೆಟ್ಟಿಲ ಬುಡ. ಆಮೇಲೆ ಮಹಡಿಯ ಬಚ್ಚಲು, ಎರಡು ಮಲಗುವ ಕೋಣೆ. ಮಂಡಿಯೂರಿ ಕೂತು, ಏಳಲು ಗೋಡೆ ಹಿಡಿದು, ಮತ್ತೆ ಕೂತು. ಏಳನೆಯದು ಅಳಿಯನ ಕೋಣೆಯಲ್ಲಿ. ಅವನೇ ಸುತ್ತಿ ವಿಡಿಯೋದಲ್ಲಿ ತೋರಿಸಿದ. ಕ್ಯಾಮೆರಾ ಅವನ ಕಾಲು, ಮಂಚದ ಕೆಳಗಿನ ಕಾಲುಚೀಲ, ತಿಂದಿಟ್ಟ ಬಾಳೆಹಣ್ಣಿನ ಸಿಪ್ಪೆ ಎಲ್ಲವನ್ನೂ ತೋರಿಸಿ ಕೊನೆಗೆ ರೇಡಿಯೇಟರಿಗೆ ಬಂತು.

"ಒಣಗಿದೆ ಅತ್ತೆ."

"ಸಿಪ್ಪೆನೂ ಒಣಗಿದೆ, ಕಸದ ಬುಟ್ಟಿಗೆ ಹಾಕಿ."

ಏಳೂ ಒಣಗಿದ್ದವು. ಕಾರ್ಪೆಟ್ ಒತ್ತಿ ನೋಡಿದೆ, ಗೋಡೆಗೆ ಕೈಯಿಟ್ಟು ನೋಡಿದೆ. ಎಲ್ಲೂ ಒಂದು ಹನಿಯಿಲ್ಲ.

ಇಲ್ಲಿ ನನ್ನ ಮಡಿಯ ವಿಷಯ ಹೇಳಬೇಕು. ಸ್ನಾನ ಮಾಡಿ ಮಡಿಸೀರೆ ಉಟ್ಟು ದೇವರಿಗೆ ದೀಪ ಹಚ್ಚಿ ಅಡುಗೆಗೆ ಇಳಿಯುವುದು ನಮ್ಮಮ್ಮನ ಕಾಲದಿಂದ ಬಂದದ್ದು. ಒಂಬತ್ತು ಗಜದ ನೂಲಿನ ಸೀರೆ, ನಾನೇ ಒಗೆದು ನಾನೇ ಹರವಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ವಿಜ್ಞಾನದ ಟೀಚರಿಗೆ ಇದೆಲ್ಲ ಯಾಕೆ ಎಂದು ಅಳಿಯ ಒಮ್ಮೆ ನಗುತ್ತಾ ಕೇಳಿದ್ದ. ಲ್ಯಾಬಿನಲ್ಲೂ ಮುಟ್ಟಬೇಡಿ ಎಂದು ಬೋರ್ಡು ಹಾಕುವುದಿಲ್ಲವೇ ಎಂದು ಬಾಯಿ ಮುಚ್ಚಿಸಿದ್ದೆ. ಊರಲ್ಲಿ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವುತ್ತೇನೆ. ಅಲ್ಲಿ ಗಳು ಎಲ್ಲಿಂದ ತರುವುದು? ಅಡುಗೆಮನೆಯ ಹಿಂದೆ ಯುಟಿಲಿಟಿ ಇತ್ತು, ಬಟ್ಟೆ ಒಗೆಯುವ ಮಷೀನು ಇಡುವ ಸಣ್ಣ ಜಾಗ. ಅದರ ಗೋಡೆಗೆ ಏಣಿಯ ಹಾಗೆ ಬಿಳಿಯ ಕಂಬಿಗಳ ಒಂದು ಸ್ಟ್ಯಾಂಡು. ಮುಟ್ಟಿದರೆ ಬೆಚ್ಚಗಿತ್ತು, ಬಟ್ಟೆ ಒಣಗಿಸಲು ಕರೆಂಟಿನದು ಎಂದುಕೊಂಡೆ. ಹೋದ ದಿನವೇ ಅದರ ಮೇಲಿನ ಕಂಬಿಗೆ ಹಗ್ಗದ ಒಂದು ತುದಿ ಬಿಗಿದೆ, ಇನ್ನೊಂದು ತುದಿಯನ್ನು ಬಾಗಿಲ ಕೊಕ್ಕೆಗೆ ಜಗ್ಗಿ ಕಟ್ಟಿದೆ. ಹಿಂಡಿದರೂ ನೀರು ಬಿಡುವ ಸೀರೆ, ಕೆಳಗೆ ಒಂದು ಟಬ್ಬು ಇಟ್ಟೆ. ದಿನಾ ಮಧ್ಯಾಹ್ನ ಟಬ್ಬಿನ ನೀರು ಚೆಲ್ಲುವುದು. ಈಚೆಗೆ ನೀರು ಕಪ್ಪಗೆ ಇರುತ್ತಿತ್ತು. ಸೀರೆ ಬಣ್ಣ ಬಿಡುತ್ತಿದೆ ಎಂದು ಮೈಸೂರಿನ ಅಂಗಡಿಯವನಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದ್ದೆ.

ಭಾನುವಾರ ಮಧ್ಯಾಹ್ನ ವೀಣಾ ಹಾಸಿಗೆಯಿಂದಲೇ ಕೇಳಿದಳು. "ಅಮ್ಮ, ಯುಟಿಲಿಟೀಲಿ ನೋಡಿದ್ಯಾ?"

"ಅಲ್ಲೇನಿದೆ ನೋಡೋಕೆ? ಮಡಿ ಬಟ್ಟೆ ಇರೋ ಜಾಗ."

"ಅಲ್ಲಮ್ಮ, ಅಲ್ಲಿ ಯಾವಾಗ್ಲೂ ನೀರಿರುತ್ತಲ್ಲ..."

"ಒದ್ದೆ ಸೀರೆ ಹಾಕಿದ್ರೆ ನೀರಿರದೆ ಹಾಲಿರುತ್ತಾ? ನಿನ್ನ ಬುದ್ಧಿ ನಿನ್ನ ಹತ್ರಾನೇ ಇಟ್ಕೊಂಡು ಮಗು ನೋಡ್ಕೋ."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಹಿತ್ತಲು

ಸೋಮವಾರ ನೋಯೆಲ್ ಬಂದ. ಮನೆಯೊಳಗೆ ಅಲ್ಲ, ಪಕ್ಕದ ಗೇಟಿನಿಂದ ಹಿತ್ತಲಿಗೆ. ಅರವತ್ತರ ಆಸುಪಾಸು, ಕೆಂಪು ಮುಖ, ಮೂಗು ಬಿಟ್ಟು ಬಾಯಿಗೆ ಮಾತ್ರ ಮಾಸ್ಕು. ಮೂಗಿನಿಂದ ವೈರಸ್ ಹೋಗುವುದಿಲ್ಲ ಎಂದು ಅವನಿಗೆ ಯಾರು ಪಾಠ ಮಾಡಿದ್ದರೋ. ಮೊದಲು ಹವೆಯ ಬಗ್ಗೆ ಮಾತಾಡಿದ. ಮಳೆ ಬರಬಹುದು, ಬರದೆಯೂ ಇರಬಹುದು, ನಿನ್ನೆ ಪರವಾಗಿರಲಿಲ್ಲ. ಮಗು ಚಳಿಯಲ್ಲಿದೆ ಮಾರಾಯ ಎಂದು ಕೂಗಬೇಕು ಅನ್ನಿಸಿತು. ಕಿಟಕಿಯ ಒಳಗೆ ನಿಂತು ಹಲ್ಲು ಕಚ್ಚಿಕೊಂಡೆ.

ಗೋಡೆಯಿಂದ ಹಿತ್ತಲಿಗೆ ಒಂದು ತಾಮ್ರದ ಪೈಪು ಇಣುಕುತ್ತದೆ. ಬಾಯ್ಲರಿನಲ್ಲಿ ಒತ್ತಡ ಹೆಚ್ಚಾದರೆ ಅಲ್ಲಿಂದ ನೀರು ಉಗುಳುತ್ತದಂತೆ. ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಲು ಹಿಂದಿನ ದಿನ ಹೇಳಿದ್ದ, ಕಟ್ಟಿದ್ದೆ. ಈಗ ಬಿಚ್ಚಿ ನೋಡಿದ. ಒಣಗಿತ್ತು.

"ಹಾಗಾದ್ರೆ ಬಾಯ್ಲರ್ ಗ್ರ್ಯಾಂಡ್," ಎಂದ. "ಮನೆ ಒಳಗೇ ಎಲ್ಲೋ ಸೋರ್ತಾ ಇದೆ. ಎಷ್ಟು ರೇಡಿಯೇಟರ್ ನೋಡಿದ್ರಿ?"

"ಏಳು. ಇರೋದೇ ಏಳು."

"ಈ ಮನೆಗೆ ನಾನೇ ಹಾಕಿದ್ದು. ಎಂಟು ಅಂತ ನೆನಪು."

"ನಿಮ್ಮ ನೆನಪು ಸರಿಯಿಲ್ಲ. ನಾನು ಎರಡು ಸಲ ಎಣಿಸಿದ್ದೀನಿ."

ಅವನು ವಾದ ಮಾಡಲಿಲ್ಲ. ಮೆಲ್ಲಗೆ ಯುಟಿಲಿಟಿಯ ಕಿಟಕಿಯ ಹತ್ತಿರ ಹೋಗಿ ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ನೋಡಿದ. ತುಂಬ ಹೊತ್ತು ನೋಡಿದ. ಅನ್ಯರ ಮನೆಯೊಳಗೆ ಹೀಗೆ ಇಣುಕುವುದು ಎಲ್ಲಿಯ ಮರ್ಯಾದೆ?

"ಚಂದದ ಬಟ್ಟೆ," ಎಂದ. "ಯಾವಾಗ್ಲೂ ಅಲ್ಲೇ ಇರುತ್ತಾ?"

ಸೋರುವುದನ್ನು ಹುಡುಕಲು ಬಂದವನು ಸೀರೆ ವಿಚಾರಿಸುತ್ತಾನಲ್ಲ ಎಂದು ರೇಗಿತು. ಆದರೂ ಕೇಳಿದನಲ್ಲ ಎಂದು ಮಡಿಯೆಂದರೇನು, ಯಾಕೆ ಮುಟ್ಟಬಾರದು ಎಲ್ಲ ವಿವರಿಸಿದೆ. ತರಗತಿಯಲ್ಲಿ ಹಿಂದಿನ ಬೆಂಚಿನವರು ಕೇಳುವ ಹಾಗೆ ತಲೆ ಆಡಿಸುತ್ತಾ ಕೇಳಿದ.

"ಓಹೋ. ಯಾರೂ ಮುಟ್ಟೋ ಹಾಗಿಲ್ಲ."

"ಇಲ್ಲ."

ಟೋಪಿ ತೆಗೆದು ತಲೆ ಕೆರೆದುಕೊಂಡ. ಗಾಜಿನ ಕಡೆ ಇನ್ನೊಮ್ಮೆ ನೋಡಿದ. "ನಿಮಗೇನೂ ತೊಂದರೆ ಇಲ್ಲ ಅಂದ್ರೆ, ಯಾವಾಗಾದ್ರೂ ಸಮಯ ಸಿಕ್ಕಾಗ, ಆ ಬಟ್ಟೆ ಹಿಂದೆ ಒಂದ್ಸಲ ಕಣ್ಣು ಹಾಯಿಸಿದ್ರೆ ಕೆಟ್ಟದ್ದೇನಿಲ್ಲ. ಅವಸರ ಇಲ್ಲ."

"ಆಗಲಿ," ಎಂದೆ.

ಬೈ ಬೈ ಬೈ ಎನ್ನುತ್ತಾ ಗೇಟಿನವರೆಗೂ ಹಿಂದಕ್ಕೆ ನಡೆದುಹೋದ. ಕೈಲಾಗದವನು, ಹೋಗುವಾಗ ಏನಾದರೂ ಹೇಳಬೇಕಲ್ಲ ಎಂದು ಹೇಳಿ ಹೋದ ಎಂದು ತೀರ್ಮಾನಿಸಿದೆ. ನಮ್ಮೂರಿನ ಪ್ಲಂಬರ್ ಆಗಿದ್ದರೆ, "ಏನಮ್ಮ ತಲೆ ಇದ್ಯಾ ನಿಮಗೆ, ಮೊದ್ಲು ಆ ಸೀರೆ ಎತ್ತಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ. ನಾನೂ ನಾಲ್ಕು ಬೈದು ಎತ್ತುತ್ತಿದ್ದೆ. ಆ ದೇಶದಲ್ಲಿ ಅವಸರವಿಲ್ಲ ಎಂದು ಮೂರು ಸುತ್ತು ಬಳಸಿ ಹೇಳಿದರೆ ಈಗಲೇ ಓಡು ಎಂದರ್ಥ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಯುಟಿಲಿಟಿ

ಮಂಗಳವಾರ ಬೆಳಿಗ್ಗೆ ಮುಳ್ಳು ಸೊನ್ನೆಗಿಂತ ಮೇಲೆ ಒಂದು ಗಂಟೆಯೂ ನಿಲ್ಲಲಿಲ್ಲ. ತುಂಬಿದೆ, ಬಿತ್ತು. ಮತ್ತೆ ತುಂಬಿದೆ, ಮತ್ತೆ ಬಿತ್ತು. ವೀಣಾಳ ಕೋಣೆಯ ಉಷ್ಣಮಾಪಕ ಹದಿನಾಲ್ಕು ತೋರಿಸುತ್ತಿತ್ತು. ಮಗು ಹಾಲು ಎಳೆಯುವುದನ್ನು ಕಡಿಮೆ ಮಾಡಿ ಸುಮ್ಮನೆ ಮಲಗಿತ್ತು, ಪಾದ ಮುಟ್ಟಿದರೆ ತಣ್ಣಗೆ. ಒಂಬತ್ತಕ್ಕೆ ನರ್ಸು ಫೋನು ಮಾಡಿ ಮಗುವಿನ ವಿಚಾರ ಕೇಳಿ, ಹನ್ನೆರಡು ಗಂಟೆಗೆ ಮತ್ತೆ ಮಾಡುತ್ತೇನೆ, ಅಷ್ಟರೊಳಗೆ ಕೋಣೆ ಬಿಸಿಯಾಗದಿದ್ದರೆ ಆಂಬುಲೆನ್ಸ್ ಕಳಿಸುತ್ತೇವೆ, ಮಗುವಿನ ಚೀಲ ಸಿದ್ಧ ಮಾಡಿಡಿ ಎಂದಳು. ಮಗುವಿನ ಚೀಲ. ತಾಯಿಯ ಚೀಲದ ಮಾತು ಎತ್ತಲಿಲ್ಲ.

ನಾನು ಕೆಳಗೆ ಬಾಯ್ಲರಿನ ಮುಂದೆ ನಿಂತು ಅದಕ್ಕೆ, ಅದನ್ನು ಮಾಡಿದವನಿಗೆ, ನೋಯೆಲನಿಗೆ, ಅವನ ಗ್ರ್ಯಾಂಡಿಗೆ, ನಂಜನಗೂಡಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತ ನಮ್ಮ ಮನೆಯವರಿಗೆ ಸೇರಿಸಿ ಎಲ್ಲರಿಗೂ ಬಯ್ಯುತ್ತಿದ್ದೆ. ಬೈಗುಳ ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು, ವೀಣಾ ಇಳಿದು ಬರುತ್ತಿದ್ದಳು. ಕಿವಿಗೆ ಮಫ್ಲರು, ನನ್ನ ಸ್ವೆಟರು, ಎದೆಗೆ ಬಿಗಿದು ಕಟ್ಟಿದ ಮಗು.

"ಹೊಲಿಗೆ ಬಿಟ್ಕೊಳ್ಳುತ್ತೆ ಕಣೇ, ಯಾಕೆ ಇಳಿದೆ?"

ಅವಳು ನನ್ನನ್ನು ದಾಟಿ ಯುಟಿಲಿಟಿಯ ಬಾಗಿಲಿಗೆ ಹೋದಳು.

"ಅಮ್ಮ, ಸೀರೆ ತೆಗಿ."

"ಏನು?"

"ಸೀರೆ ತೆಗೀಮ್ಮ."

ಅವಳ ಕೈ ಹಗ್ಗದ ಕಡೆ ಹೋಯಿತು. ನನ್ನ ಬಾಯಿಂದ ಏನು ಬಂತು ಗೊತ್ತೇ? ಮೊಮ್ಮಗಳ ಪಾದ ಮಂಜಾಗಿತ್ತು, ಆಂಬುಲೆನ್ಸ್ ಬರುವುದರಲ್ಲಿತ್ತು, ಆಗಲೂ ನನ್ನ ಬಾಯಿಂದ ಬಂದದ್ದು, "ಮುಟ್ಟಬೇಡ!"

ಮುಟ್ಟಿದಳು. ಒಂದೇ ಎಳೆತಕ್ಕೆ ಒಂಬತ್ತು ಗಜವೂ ನೆಲಕ್ಕೆ ಬಿತ್ತು. ಸೀರೆ ಬಿದ್ದ ಮೇಲೂ ಟಬ್ಬಿಗೆ ನೀರು ತೊಟ್ಟಿಕ್ಕುತ್ತಲೇ ಇತ್ತು.

ನಾನು ಸ್ಟ್ಯಾಂಡು ಎಂದುಕೊಂಡಿದ್ದ ಆ ಬಿಳಿಯ ಏಣಿ ಗೋಡೆಯಿಂದ ಮುಂದಕ್ಕೆ ವಾಲಿತ್ತು. ಮೇಲಿನ ಸ್ಕ್ರೂಗಳು ಗಾರೆಯೊಂದಿಗೆ ಕಿತ್ತು ಬಂದಿದ್ದವು. ಬುಡದಲ್ಲಿ ಪೈಪು ಸೇರುವ ಜಾಗ ಓರೆಯಾಗಿ ಅಲ್ಲಿಂದ ಕಪ್ಪು ನೀರು ಇಳಿಯುತ್ತಿತ್ತು. ಎರಡು ತಿಂಗಳು ದಿನಾ ನೀರು ತುಂಬಿದ ಸೀರೆಯ ಭಾರ ಹೇರಿ, ಹಗ್ಗ ಜಗ್ಗಿ ಕಟ್ಟಿ, ಎಂಟನೆಯ ರೇಡಿಯೇಟರನ್ನು ಕಿತ್ತವಳು ನಾನು. ಸೋರಿದ್ದನ್ನು ಟಬ್ಬಿನಲ್ಲಿ ಹಿಡಿದು ದಿನಾ ಚೆಲ್ಲಿದವಳೂ ನಾನೇ. ಇಡೀ ಮನೆಯಲ್ಲಿ ಒದ್ದೆಯಾಗಿದ್ದ ಜಾಗ ಅದೊಂದೇ. ಅದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಟಿಶ್ಯೂ ಪೇಪರು ಕಟ್ಟಿದ ವಿಜ್ಞಾನದ ಟೀಚರು!

ನೋಯೆಲನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದ, ಫೋನು ಕೈಯಲ್ಲೇ ಹಿಡಿದುಕೊಂಡು ಕಾಯುತ್ತಿದ್ದನೋ ಏನೋ.

"ಬಟ್ಟೆ ಹಿಂದೆ ನೋಡಿದೆ," ಎಂದೆ.

"ಹಾಂ," ಎಂದ. ಅಷ್ಟೇ. ಒಂದು ಮಾತು ಆಡಿಕೊಳ್ಳಲಿಲ್ಲ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಬುಡದ ಒಂದು ಕಡೆ ತಿರುಗಿಸುವ ಗುಂಡಿ, ಇನ್ನೊಂದು ಕಡೆ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಸಣ್ಣ ಮೊಳೆಯಂಥದ್ದು. ಗುಂಡಿಯನ್ನು ಕೈಯಿಂದ, ಮೊಳೆಯನ್ನು ಸ್ಪ್ಯಾನರಿನಿಂದ, ಎರಡನ್ನೂ ಬಲಕ್ಕೆ, ನಿಲ್ಲುವವರೆಗೂ ತಿರುಗಿಸಿ ಎಂದ. ಆಗ ಇದೊಂದು ಮಾತ್ರ ಸುತ್ತಿನಿಂದ ಕಳಚಿಕೊಳ್ಳುತ್ತದೆ, ಉಳಿದ ಏಳು ಎಂದಿನಂತೆ ಇರುತ್ತವೆ. ಕಪ್ಪು ನೀರಿನಲ್ಲಿ ಮಂಡಿಯೂರಿ ತಿರುಗಿಸಿದೆ. ಉಟ್ಟಿದ್ದ ಇನ್ನೊಂದು ಮಡಿಸೀರೆಯೂ ನೆನೆಯಿತು. ಒಳಗೆ ಉಳಿದಿದ್ದ ನೀರು ಇನ್ನೂ ಸ್ವಲ್ಪ ಇಳಿದು ಆಮೇಲೆ ನಿಂತಿತು. ಬಾಯ್ಲರಿಗೆ ಒಂದೂವರೆಯವರೆಗೆ ತುಂಬಿದೆ. ಗುರ್ ಎಂದಿತು. ನಾನೂ ವೀಣಾಳೂ ಮುಳ್ಳನ್ನೇ ನೋಡುತ್ತಾ ಅಡುಗೆಮನೆಯಲ್ಲಿ ನಿಂತೆವು. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಮುಳ್ಳು ಇಳಿಯಲಿಲ್ಲ.

"ಮೊದ್ಲೇ ಹೇಳಬಾರದಿತ್ತಾ?" ಎಂದೆ. ದನಿ ಎಂದಿನ ಹಾಗೆ ಜೋರಾಗಿಯೇ ಬಂತು.

"ಭಾನುವಾರ ಹೇಳಿದ್ನಲ್ಲಮ್ಮ."

ಹೌದು, ಹೇಳಿದ್ದಳು.

"ಆಮೇಲೆ ಯಾಕೆ ಇನ್ನೊಂದ್ಸಲ ಹೇಳಲಿಲ್ಲ?"

ಅವಳು ಮಗುವಿನ ಟೋಪಿ ಸರಿಮಾಡಿದಳು. "ನಿನಗೆ ಎರಡನೇ ಸಲ ಹೇಳೋಕೆ ನನಗೆ ಭಯ ಅಮ್ಮ. ಚಿಕ್ಕೋಳಿದ್ದಾಗಿಂದಾನೂ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಊಟಕ್ಕೆ ಏನು ಎಂದು ಕೇಳುವ ದನಿಯಲ್ಲಿ ಹೇಳಿದಳು. ಹೇಳಿ, ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಹಿಂದೆ ಹಿಂದೆ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು, ಒದ್ದೆ ಸೀರೆಯಲ್ಲಿ ಹತ್ತಿದೆ.

ವೀಣಾಳ ಕೋಣೆ

ಹನ್ನೆರಡಕ್ಕೆ ಉಷ್ಣಮಾಪಕ ಹತ್ತೊಂಬತ್ತರಲ್ಲಿತ್ತು. ಮಗುವಿನ ಪಾದಕ್ಕೆ ಬಿಸಿ ಬಂದಿತ್ತು, ಎಚ್ಚರವಾಗಿ ಗಲಾಟೆ ಮಾಡಿ ಹಾಲು ಕುಡಿಯುತ್ತಿತ್ತು. ಅಷ್ಟು ಚಿಕ್ಕ ಗಂಟಲಿನಲ್ಲಿ ಅಷ್ಟು ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಟ್ಟಿಟ್ಟಿದ್ದ ಮಗುವಿನ ಚೀಲ ಬಾಗಿಲ ಹತ್ತಿರವೇ ಇತ್ತು. ಅದನ್ನು ನಾನು ಕಾಲಿನಿಂದ ಮಂಚದ ಕೆಳಗೆ ತಳ್ಳಿದೆ.

ನರ್ಸು ಹೇಳಿದ ಹೊತ್ತಿಗೆ ಸರಿಯಾಗಿ ಫೋನು ಮಾಡಿದಳು. ವೀಣಾ ಫೋನನ್ನು ಸ್ಪೀಕರಿಗೆ ಹಾಕಿದಳು. ಕೋಣೆ ಬೆಚ್ಚಗಿದೆ, ಮಗು ಕುಡಿಯುತ್ತಿದೆ ಎಂದಳು. ಒಳ್ಳೆಯದಾಯಿತು, ಹಾಗಾದರೆ ಆಂಬುಲೆನ್ಸ್ ಬೇಡ, ಏನಾಗಿತ್ತಂತೆ ಎಂದು ನರ್ಸು ಕೇಳಿದಳು.

"ಹಳೇ ಜಾಯಿಂಟ್ ಒಂದು ಲೂಸ್ ಆಗಿತ್ತು ಅಷ್ಟೇ," ಎಂದಳು ವೀಣಾ.

ನನ್ನನ್ನು ಕಾಪಾಡುತ್ತಿದ್ದಳು. ಗುರುತಿಲ್ಲದ ಒಬ್ಬ ನರ್ಸಿನ ಮುಂದೆಯೂ ಅವಳಮ್ಮನ ಮಾನ ಹೋಗಬಾರದು. ಇದು ನನ್ನಿಂದ ಸಹಿಸಲು ಆಗಲಿಲ್ಲ. ಕೈ ಚಾಚಿ ಫೋನು ಕಿತ್ತುಕೊಂಡೆ.

"ಜಾಯಿಂಟ್ ಅಲ್ಲ. ನಾನು," ಎಂದೆ ಇಂಗ್ಲಿಷಿನಲ್ಲಿ. "ರೇಡಿಯೇಟರಿಗೆ ಹಗ್ಗ ಕಟ್ಟಿ ಸೀರೆ ಹಾಕಿ ಕಿತ್ತವಳು ನಾನು. ಯಾರನ್ನೂ ಮುಟ್ಟಲು ಬಿಡಲಿಲ್ಲ. ಅವಳು ಮೊದಲೇ ಹೇಳಿದ್ದಳು, ನಾನು ಬೈದೆ. ಮಗು ನಾಲ್ಕು ದಿನ ಚಳಿಯಲ್ಲಿ ಇದ್ದದ್ದು ನನ್ನಿಂದ."

ಆ ಕಡೆ ಕೀಬೋರ್ಡು ಬಡಿಯುವ ಸದ್ದು ಕೇಳಿಸಿತು, ನಾನು ಹೇಳಿದ್ದೆಲ್ಲ ಬರೆದುಕೊಳ್ಳುತ್ತಿರಬೇಕು. ಬರೆದುಕೊಳ್ಳಲಿ. ಆಮೇಲೆ ನರ್ಸು, ಬೈಯುವ ದನಿಯೂ ಅಲ್ಲ ಸಮಾಧಾನದ ದನಿಯೂ ಅಲ್ಲ, ಫಾರಂ ತುಂಬಿಸುವವರ ದನಿಯಲ್ಲಿ, ಇನ್ನೊಂದು ಪ್ರಶ್ನೆ ಇದೆ ಎಂದಳು.

"ಗಂಡ ಬೇರೆ ಕೋಣೆಯಲ್ಲಿ ಇದ್ದಾರೆ ಅಲ್ವಾ. ತಾಯೀನ ನೋಡ್ಕೊಳ್ಳೋಕೆ ಮನೇಲಿ ಯಾರಿದ್ದಾರೆ?"

ಲೇಹ್ಯ, ಓಮ, ಬಜೆ ಹೊತ್ತು ಏಳು ಸಮುದ್ರ ದಾಟಿ ಹೋದದ್ದೇ ಅದಕ್ಕೆ. ಹೇಳಲು ಬಾಯಿ ತೆರೆದೆ. ಮೂವತ್ತೊಂದು ವರ್ಷದಲ್ಲಿ ಒಂದು ಪ್ರಶ್ನೆಗೂ ನಾನು ಹಾಗೆ ನಿಂತದ್ದಿಲ್ಲ. ನರ್ಸು ಎರಡು ಸಲ ಹಲೋ ಎಂದಳು.

ವೀಣಾ ಮಗುವನ್ನು ಒಂದು ಕೈಗೆ ಬದಲಿಸಿಕೊಂಡು ಇನ್ನೊಂದು ಕೈಯಿಂದ ನನ್ನ ಕೈಯಲ್ಲಿದ್ದ ಫೋನು ತೆಗೆದುಕೊಂಡಳು.

"ನಮ್ಮಮ್ಮ ಇದಾರೆ," ಎಂದಳು.